ಕಪ್ಪು ಪುಡಿಯೊಳಗಿನ ಪ್ಲಾಟಿನಮ್

"ಇನ್ನೂ ಎಷ್ಟೊತ್ತು ಈ ನಾಟಕ?"

ಪ್ರೊಫೆಸರ್ ರಾಜಗೋಪಾಲ ಕೇಳಿದ್ದು ರಾಜೀವಿಯನ್ನಲ್ಲ, ಎದುರಿನ ಗೋಡೆಯನ್ನು. ಬೆಳಗಿನಿಂದ ಆತ ಅವಳ ಮುಖ ನೋಡಿ ಒಂದು ಮಾತಾಡಿದ್ದರೆ ಕೇಳಿ. ಮೈಸೂರಿನವರ ಮರ್ಯಾದೆ ಅಂತ ಊರೆಲ್ಲ ಹೊಗಳುತ್ತದಲ್ಲ, ಅದನ್ನು ಈ ಮಹಾರಾಯ ಹೌರಾ ಸ್ಟೇಷನ್ನಿನಲ್ಲಿ ಇಳಿಯುವಾಗಲೇ ರೈಲಿನಲ್ಲಿ ಬಿಟ್ಟು ಬಂದಿರಬೇಕು.

"ನಾಟಕ ನಂದಲ್ಲ ಮಾರಾಯ್ರೆ. ಆಡ್ತಾ ಇರುವುದು ನಿಮ್ಮ ಗಾಜಿನ ಪಾತ್ರೆ. ನಾನು ನೋಡ್ಲಿಕ್ಕೆ ಬಂದವಳು," ಎಂದಳು ರಾಜೀವಿ. ಕೂರಿ ಅಂತ ಯಾರೂ ಹೇಳಿರಲಿಲ್ಲ. ಅವಳೇ ಸ್ಟೂಲು ಎಳೆದುಕೊಂಡು ಕೂತಳು.

ಮೇಜಿನ ಮೇಲೆ ಎರಡು ಗಾಜಿನ ಪಾತ್ರೆಗಳು ಪಕ್ಕಪಕ್ಕ ಇದ್ದವು. ಎರಡರಲ್ಲೂ ಒಂದೇ ಆಮ್ಲದ ನೀರು, ಒಂದೇ ಡಬ್ಬಿಯ ಕಪ್ಪು ಪುಡಿ ಬಳಿದ ಪುಟ್ಟ ಬಿಲ್ಲೆ. ವ್ಯತ್ಯಾಸ ಒಂದೇ ಒಂದು. ಕರೆಂಟಿನ ಸುತ್ತು ಪೂರ್ತಿಯಾಗಲು ಬಿಲ್ಲೆಯ ಎದುರಿಗೆ ಇನ್ನೊಂದು ಕಡ್ಡಿ ಮುಳುಗಿಸಬೇಕು. ಎಡಗಡೆಯ ಪಾತ್ರೆಯಲ್ಲಿ ಗ್ರಾಫೈಟ್ ಕಡ್ಡಿ ಇತ್ತು, ಬಲಗಡೆಯದರಲ್ಲಿ ಪ್ಲಾಟಿನಮ್ ತಂತಿ. ಬೆಳಿಗ್ಗೆ ಬೇರೆ ವಿಭಾಗದ ತಂತ್ರಜ್ಞನೊಬ್ಬ ಬಂದು ಎರಡನ್ನೂ ಜೋಡಿಸಿ, ಓಡಲು ಬಿಟ್ಟು ಹೋಗಿದ್ದ.

ಕಿಟಕಿಯ ಬಳಿ ಇನ್‌ಸ್ಪೆಕ್ಟರ್ ಹಾಲ್ದಾರ್ ಮಣ್ಣಿನ ಲೋಟದಲ್ಲಿ ಚಹಾ ಹೀರುತ್ತ ನಿಂತಿದ್ದ. ಅವನಿಗೆ ಕನ್ನಡ ಬಾರದು, ರಾಜೀವಿಯ ಜೊತೆ ಅವನ ಮಾತೆಲ್ಲ ಹಿಂದಿಯಲ್ಲಿ. "ದೀದಿ, ಸಂಜೆಯವರೆಗೆ ಮಾತ್ರ," ಎಂದು ಬೆಳಿಗ್ಗೆಯೇ ಹೇಳಿದ್ದ. "ಅಷ್ಟರಲ್ಲಿ ಏನೂ ಸಿಗದಿದ್ದರೆ ಹುಡುಗಿಯನ್ನು ಕರೆದುಕೊಂಡು ಹೋಗುತ್ತೇನೆ."

ಹುಡುಗಿ ಅಂದರೆ ಪ್ರತೀಕ್ಷಾ. ಹೋದ ವಾರ ಈ ಪ್ರಯೋಗಾಲಯದ ಕುಲುಮೆ ಕೋಣೆಯಲ್ಲಿ ಅಮೋನಿಯಾ ತುಂಬಿಕೊಂಡು ಶ್ರೀಶ ಎಂಬ ಸಂಶೋಧಕ ಸತ್ತಿದ್ದ. ಆ ದಿನ ಸಿಲಿಂಡರ್ ಬದಲಾಯಿಸಿದ್ದವಳು ಅವನ ಸಹಪಾಠಿ ಪ್ರತೀಕ್ಷಾ. ಈಗ ಅವಳು ಹೊರಗಿನ ವರಾಂಡದಲ್ಲಿ ಮಹಿಳಾ ಪೇದೆಯ ಪಕ್ಕ ಬೆಂಚಿನ ಮೇಲೆ ಕೂತಿದ್ದಳು. ಅವಳನ್ನು ಬಿಡಿಸುವ ಕೆಲಸ, ವರ್ಷಗಟ್ಟಲೆ ಸರ್ಕಾರಿ ಫೊರೆನ್ಸಿಕ್ ಪ್ರಯೋಗಾಲಯದಲ್ಲಿ ದುಡಿದಿದ್ದ ರಾಜೀವಿಯ ತಲೆಯ ಮೇಲಿತ್ತು.

"ದೋಸೆ ಹುಯ್ಯೋರ ಮನೆಯವ್ರು ನನಗೆ ಕೆಮಿಸ್ಟ್ರಿ ಹೇಳ್ಕೊಡೋ ಕಾಲ ಬಂತು," ಎಂದ ರಾಜಗೋಪಾಲ, ಗೋಡೆಗೇ.

ರಾಜೀವಿಗೆ ಕೋಪ ಬಂತು. ಚೆನ್ನಾಗಿಯೇ ಬಂತು. ಟಾಲಿಗಂಜ್‌ನಲ್ಲಿ ಅವಳ ಅಣ್ಣ ಕಿಟ್ಟ ನಡೆಸುವ ಉಡುಪಿ ಹೋಟೆಲಿನಲ್ಲಿ ಇದೇ ಪ್ರೊಫೆಸರ್ ಭಾನುವಾರ ಭಾನುವಾರ ಬಂದು ಎರಡೆರಡು ಮಸಾಲೆ ದೋಸೆ ಇಳಿಸಿ ಹೋಗುವವನು. ಚಟ್ನಿ ಮೂರು ಸಲ ಹಾಕಿಸಿಕೊಳ್ಳುವಾಗ ಇಲ್ಲದ ಬಿಗುಮಾನ ಈಗೆಲ್ಲಿಂದ ಬಂತು?

"ಹೌದು, ದೋಸೆಯವರೇ," ಎಂದಳು. "ಆ ದೋಸೆಯಿಂದಲೇ ನನಗೆ ನಿಮ್ಮ ಪುಡಿಯ ಮೇಲೆ ಸಂಶಯ ಬಂದದ್ದು. ಹೇಳ್ಬೇಕಾ?"

"ಬೇಡ."

"ಹೇಳ್ತೇನೆ ಇರಿ."

ಈ ಕಪ್ಪು ಪುಡಿಯ ಮೇಲೆಯೇ ರಾಜಗೋಪಾಲನ ಹೆಸರು ನಿಂತಿತ್ತು. ಇಂಗಾಲದ ಒಂದೇ ಒಂದು ಪರಮಾಣು ದಪ್ಪದ ಹಾಳೆಗೆ ಗ್ರಾಫೀನ್ ಎನ್ನುತ್ತಾರೆ. ಅಂಥ ಹಾಳೆಗಳ ಪುಡಿಯನ್ನು ಕುಲುಮೆಯಲ್ಲಿಟ್ಟು ಕೆಂಡದಂತೆ ಕಾಯಿಸಿ ಅಮೋನಿಯಾ ಹರಿಸಿದರೆ, ಅಲ್ಲಲ್ಲಿ ಇಂಗಾಲ ಎದ್ದುಹೋಗಿ ಅದರ ಜಾಗದಲ್ಲಿ ಸಾರಜನಕ ಕೂರುತ್ತದೆ. ಹೈಡ್ರೋಜನ್ನಿನಿಂದ ಕರೆಂಟು ಹುಟ್ಟಿಸುವ ಇಂಧನಕೋಶದಲ್ಲಿ ದುಬಾರಿ ಪ್ಲಾಟಿನಮ್ ಮಾಡುವ ಕೆಲಸವನ್ನು ಆಗ ಈ ಮಸಿಯಂಥ ಪುಡಿಯೇ ಮಾಡುತ್ತದೆ ಎನ್ನುವುದು ಪ್ರೊಫೆಸರನ ವಾದ. ಅದರ ಮೇಲೆ ಇನ್ನೊಂದು ದೊಡ್ಡ ವಾದವೂ ಇತ್ತು. ಲೋಕದ ಬೇರೆ ಪುಡಿಗಳೆಲ್ಲ ಬಳಸಿದಷ್ಟೂ ಸೊರಗುತ್ತವೆ, ತನ್ನದು ಮಾತ್ರ ಬಳಸಿದಷ್ಟೂ ಚುರುಕಾಗುತ್ತದೆ!

"ಬಳಸಿದಷ್ಟೂ ಒಳ್ಳೆದಾಗುವುದು ನಮ್ಮ ಮನೆಯಲ್ಲಿ ಒಂದೇ ಉಂಟು," ಎಂದಳು ರಾಜೀವಿ. "ದೋಸೆ ಕಾವಲಿ. ಅದು ಯಾಕೆ ಒಳ್ಳೆದಾಗ್ತದೆ? ಕಬ್ಬಿಣಕ್ಕೆ ಬುದ್ಧಿ ಬಂದದ್ದಲ್ಲ. ಎಣ್ಣೆ ಕೂತು ಕೂತು ಪದರ ಕಟ್ಟಿದ್ದು. ನಿಮ್ಮ ಪುಡಿಯ ಮೇಲೂ ಎಂತದೋ ಕೂರ್ತಾ ಉಂಟು ಅಂತ ನಿಮ್ಮ ವಾದ ಕೇಳಿದಾಗಲೇ ನನಗೆ ಅನ್ನಿಸಿತು."

ರಾಜಗೋಪಾಲ ಈ ಸಲ ಗೋಡೆ ಬಿಟ್ಟು ಅವಳನ್ನೇ ನೋಡಿದ. ನೋಟದಲ್ಲಿ ವಿಷವಿತ್ತು.

"ನೋಡಿ ರೀ," ಎಂದ. "ನನ್ನ ಸ್ಟೂಡೆಂಟ್ ಸತ್ತಿದಾನೆ. ನನ್ನ ಕೈಕೆಳಗೆ ಬೆಳೆದ ಹುಡುಗ. ನೀವು ಬಂದು ಕಾವಲಿ ಕಥೆ ಹೇಳ್ತಿದೀರಿ. ನಾಚ್ಕೆ ಆಗಲ್ವಾ?"

"ಆಗ್ತದೆ. ಆ ಹುಡುಗನ ಸಾವನ್ನು ನೀವೆಲ್ಲ ಸೇರಿ ಎಡವಟ್ಟು ಅಂತ ಮುಚ್ಚಿಹಾಕ್ತಾ ಇದ್ದೀರಲ್ಲ, ಅದಕ್ಕೆ."

ಅದೇ ಅವಳ ಸಿಟ್ಟಿನ ಮೂಲ. ಪೊಲೀಸರ ಮೊದಲ ಲೆಕ್ಕದಲ್ಲಿ ಇದು ಅಜಾಗರೂಕತೆ. ಪ್ರತೀಕ್ಷಾ ಸಿಲಿಂಡರ್ ಬದಲಾಯಿಸಿದಳು, ಕೊಳವೆಯ ನಟ್ಟು ಸರಿಯಾಗಿ ಬಿಗಿಯಲಿಲ್ಲ, ಎಕ್ಸಾಸ್ಟ್ ಫ್ಯಾನ್ ಹಾಕಲು ಮರೆತಳು, ಶ್ರೀಶ ಒಳಗೆ ಹೋಗಿ ಅನಿಲ ಬಿಟ್ಟ, ಕಣ್ಣು ಕತ್ತಲಾಗಿ ಬಾಗಿಲು ಸಿಗದೆ ಸತ್ತ. ಅಷ್ಟೇ ಆಗಿದ್ದರೆ ಹುಡುಗಿಗೆ ಠಾಣೆಯಲ್ಲೇ ಜಾಮೀನು ಸಿಗುತ್ತಿತ್ತು.

ಪ್ರತೀಕ್ಷಾಳ ತಂದೆ ನರಸಿಂಹಮೂರ್ತಿ ಕೇಳಿಕೊಂಡದ್ದೂ ಅಷ್ಟನ್ನೇ. ಗೊಬ್ಬರದ ಕಾರ್ಖಾನೆಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು, ತೂಗಿ ಅಳೆದು ಮಾತಾಡುವ ಮನುಷ್ಯ. "ಸಂಸ್ಥೆಯವರು ಸರಿಯಾಗಿ ನೋಡ್ಕೊಂಡಿಲ್ಲ, ಇದು ಅಪಘಾತ ಅಂತ ತೋರಿಸಿಕೊಡಿ. ಅಷ್ಟು ಮಾಡಿದ್ರೆ ಸಾಕು ತಾಯಿ," ಎಂದು ಕೈಮುಗಿದಿದ್ದರು. ರಾಜೀವಿ ಒಪ್ಪಿಯೂ ಇದ್ದಳು. ಆದರೆ ಕುಲುಮೆ ಕೋಣೆಯೊಳಗೆ ಕಾಲಿಟ್ಟ ಮೇಲೆ ಒಪ್ಪಿದ್ದನ್ನು ನಡೆಸುವುದು ಸಾಧ್ಯವಾಗಲಿಲ್ಲ.

ಆ ಪ್ರಯೋಗಾಲಯದಲ್ಲಿ ಒಂದು ಪದ್ಧತಿ ಇತ್ತು. ಅಮೋನಿಯಾದ ನಟ್ಟು ಬಿಗಿದವರು ಅದನ್ನು ಪರೀಕ್ಷಿಸಿ, ಸೋರುವುದಿಲ್ಲ ಅಂತ ಖಾತ್ರಿಯಾದ ಮೇಲೆ ಮಾರ್ಕರ್ ಪೆನ್ನಿನಿಂದ ನಟ್ಟಿನಿಂದ ಕೊಳವೆಯವರೆಗೆ ಒಂದೇ ಗೆರೆ ಎಳೆಯಬೇಕು. ಯಾರೇ ನಟ್ಟು ತಿರುಗಿಸಿದರೂ ಗೆರೆ ತುಂಡಾಗಿ ಅರ್ಧ ಅಲ್ಲಿ ಅರ್ಧ ಇಲ್ಲಿ ನಿಲ್ಲುತ್ತದೆ. ಶ್ರೀಶ ಸತ್ತ ಕೋಣೆಯ ನಟ್ಟಿನ ಮೇಲೆ ಹಸಿರು ಗೆರೆ ಇತ್ತು, ಕೊಳವೆಯ ಮೇಲೂ ಇತ್ತು. ಎರಡೂ ಒಂದಕ್ಕೊಂದು ಬೆನ್ನು ಹಾಕಿ ನಿಂತಿದ್ದವು.

ಅಂದರೆ ಪ್ರತೀಕ್ಷಾ ಬಿಗಿದಿದ್ದಳು, ಪರೀಕ್ಷಿಸಿಯೂ ಇದ್ದಳು. ಆಮೇಲೆ ಯಾರೋ ಸ್ಪ್ಯಾನರ್ ಹಿಡಿದು ಬಂದು ನಟ್ಟು ಸಡಿಲಿಸಿ ಹೋಗಿದ್ದರು. ಹಾಲ್ದಾರನಿಗೆ ಅದನ್ನು ತೋರಿಸಿದವಳು ರಾಜೀವಿಯೇ. ಅವನು ಬಗ್ಗಿ ನೋಡಿ, ಮತ್ತೆ ನೋಡಿ, "ಹಾಗಾದರೆ ಇದು ಕೊಲೆ," ಎಂದಿದ್ದ. ಆ ಮಾತು ಕೇಳಿ ಅವಳಿಗೆ ಅವತ್ತು ಎಷ್ಟು ಖುಷಿಯಾಗಿತ್ತು! ಹುಡುಗಿ ಪಾರಾದಳು ಅಂದುಕೊಂಡಿದ್ದಳು. ಆದರೆ ಬಿಗಿದವಳೇ ಸಡಿಲಿಸಿರಬಹುದಲ್ಲ ಎಂದು ಹಾಲ್ದಾರ್ ಅವಳನ್ನು ಬಿಟ್ಟಿರಲಿಲ್ಲ.

ಕಂಪ್ಯೂಟರು ಕಿಣಿಕ್ ಎಂದಿತು. ಬೆಳಗಿನಿಂದ ಓಡಿದ ಪರೀಕ್ಷೆ ಮುಗಿದಿತ್ತು.

"ಬನ್ನಿ ಸರ್," ಎಂದು ಹಾಲ್ದಾರನನ್ನು ಕರೆದು ರಾಜೀವಿ ಪರದೆಯ ಮುಂದೆ ನಿಂತಳು. ರಾಜಗೋಪಾಲ ಕದಲಲಿಲ್ಲ.

ಪರದೆಯ ಮೇಲೆ ಎರಡು ಬಣ್ಣದ ಗೆರೆಗಳಿದ್ದವು. ಪ್ಲಾಟಿನಮ್ ತಂತಿಯ ಪಾತ್ರೆಯದು ಕೆಂಪು, ಗ್ರಾಫೈಟ್ ಕಡ್ಡಿಯ ಪಾತ್ರೆಯದು ನೀಲಿ. ಬೆಳಿಗ್ಗೆ ಎರಡೂ ಒಂದೇ ಕಡೆ ಹೊರಟಿದ್ದವು. ಹೊತ್ತೇರಿದಂತೆ ಕೆಂಪು ಗೆರೆ ಮೇಲೇರುತ್ತ ಹೋಗಿತ್ತು, ನೀಲಿ ಹುಟ್ಟಿದಲ್ಲೇ ಮಲಗಿತ್ತು.

"ನೋಡಿದ್ರಾ?" ರಾಜೀವಿ ಹಾಲ್ದಾರನಿಗೆ ಹಿಂದಿಯಲ್ಲಿ ಬಿಡಿಸಿ ಹೇಳಿದಳು. "ತಂತಿ ಆಮ್ಲದಲ್ಲಿ ಕಣ್ಣಿಗೆ ಕಾಣದಷ್ಟು ಕಣಕಣವಾಗಿ ಕರಗುತ್ತದೆ. ಕರಗಿದ ಪ್ಲಾಟಿನಮ್ ಎದುರಿನ ಬಿಲ್ಲೆಯ ಮೇಲೆ ಹೋಗಿ ಕೂರುತ್ತದೆ. ಕೆಲಸ ಮಾಡುವುದು ಆ ಪ್ಲಾಟಿನಮ್, ಹೆಸರು ಬರುವುದು ಪುಡಿಗೆ. ತಂತಿ ತೆಗೆದು ಗ್ರಾಫೈಟ್ ಹಾಕಿದರೆ ಇದು ಬರೀ ಮಸಿ."

"ಪ್ಲಾಟಿನಮ್ ಬೇಡ ಅಂತ ಹೇಳುವ ಪುಡಿಯ ಮೇಲೆ ಪ್ಲಾಟಿನಮ್?" ಹಾಲ್ದಾರನ ಹುಬ್ಬು ಮೇಲೇರಿತು.

"ಅದೇ." ರಾಜೀವಿ ರಾಜಗೋಪಾಲನ ಕಡೆ ತಿರುಗಿದಳು. ಹಾಲ್ದಾರನಿಗೆ ಬೆಳಿಗ್ಗೆಯೇ ಹೇಳಿಟ್ಟಿದ್ದ ಸಂಶಯ ಇದು. ಈ ಗಳಿಗೆಗಾಗಿ ವಾರವಿಡೀ ಕಾದಿದ್ದಳು, ಈಗ ಮೆತ್ತಗೆ ಮಾತಾಡುವ ಮನಸ್ಸಿರಲಿಲ್ಲ. "ಶ್ರೀಶ ಸತ್ತ ದಿನ ಪೊಲೀಸರು ಈ ಮೇಜಿನ ಫೋಟೋ ತೆಗೆದಿದ್ದಾರೆ. ಪಾತ್ರೆಗೆ ಗ್ರಾಫೈಟ್ ಕಡ್ಡಿ ಸಿಕ್ಕಿಸಿತ್ತು, ಪ್ಲಾಟಿನಮ್ ತಂತಿ ಪಕ್ಕದ ಬೀಕರಿನಲ್ಲಿತ್ತು. ಯಾಕೆ? ಆ ಹುಡುಗ ತಂತಿ ತೆಗೆದು ಕಡ್ಡಿ ಹಾಕಿ ನೋಡಿದ. ಪುಡಿ ಟೊಳ್ಳು ಅಂತ ಅವನಿಗೆ ಗೊತ್ತಾಯ್ತು. ನಿಮ್ಮ ಹತ್ರ ಬಂದು ಹೇಳಿದ. ನಿಮ್ಮ ಪುಡಿ ತಯಾರಿಸ್ಲಿಕ್ಕೆ ಒಂದು ಕಂಪನಿಯವರು ಕಾರ್ಖಾನೆಗೆ ಜಾಗ ನೋಡಿ ಆಗಿದೆ, ದೇಶ ದೇಶಗಳಿಂದ ನಿಮಗೆ ಕರೆ ಬರ್ತಾ ಉಂಟು. ಅವನ ಬಾಯಿ ಮುಚ್ಚದೆ ನಿಮಗೆ ಬೇರೆ ದಾರಿ ಇರಲಿಲ್ಲ. ಹೌದಾ ಅಲ್ವಾ?"

"ಬಾಯಿಗೆ ಬಂದಂಗೆ ಮಾತಾಡ್ಬೇಡಿ!" ರಾಜಗೋಪಾಲ ಮೇಜಿಗೆ ಗುದ್ದಿದ. ಪಾತ್ರೆಗಳು ನಡುಗಿದವು. "ಪ್ಲಾಟಿನಮ್ ತಂತಿ ಹಾಕಿದ್ರೆ ಹೀಗಾಗತ್ತೆ ಅಂತ ಯಾವ ಬಡ್ಡಿಮಗನಿಗೆ ಗೊತ್ತಿಲ್ಲ? ಅದಕ್ಕೇ ನನ್ನ ಲ್ಯಾಬಲ್ಲಿ ಅದನ್ನ ಸೇರಿಸಲ್ಲ. ಆಮ್ಲದ ಪಾತ್ರೆಗೆ ಗ್ರಾಫೈಟ್ ಕಡ್ಡಿ ಮಾತ್ರ. ಬಂದ ಮೊದಲನೇ ದಿನವೇ ಎಲ್ಲರಿಗೂ ಹೇಳ್ತೀನಿ. ನೀವೆಲ್ಲಿಂದಲೋ ಒಂದು ತಂತಿ ತಂದು, ನನ್ನ ಪಾತ್ರೆಗೆ ಇಳಿಬಿಟ್ಟು, ನೋಡಿ ಕೆಂಪು ಗೆರೆ ಏರ್ತು ಅಂತೀರಾ? ಏರದೆ ಏನು!"

"ತಂತಿ ನಾನು ತಂದದ್ದಲ್ಲ."

"ಮತ್ತೆ?"

"ಹೇಳಿದೆನಲ್ಲ. ನಿಮ್ಮದೇ ಬೀಕರಿನಲ್ಲಿ ಇದ್ದದ್ದು."

ರಾಜೀವಿಯ ಸನ್ನೆಗೆ ಹಾಲ್ದಾರ್ ಮೊಬೈಲಿನಲ್ಲಿದ್ದ ಆ ದಿನದ ಫೋಟೋ ಮುಂದೆ ಹಿಡಿದ. ರಾಜಗೋಪಾಲ ಕನ್ನಡಕ ಹಣೆಗೇರಿಸಿ ನೋಡಿದ. ಫೋಟೋದಿಂದ ಅವನ ಕಣ್ಣು ಪರದೆಗೆ ಹೋಯಿತು, ಕೆಂಪು ಗೆರೆಗಲ್ಲ, ನೀಲಿಗೆ. ಅಲ್ಲೇ ನಿಂತುಬಿಟ್ಟಿತು.

"ಎಡಗಡೆದು ಯಾಕೆ ಏರಿಲ್ಲ?" ಎಂದ. ದನಿ ಚಿಕ್ಕದಾಗಿತ್ತು.

ರಾಜೀವಿ ಅವನ ಮುಖವನ್ನೇ ನೋಡಿದಳು.

"ಅದು ಏರ್ಬೇಕಿತ್ತು. ಕಡ್ಡಿ ಗ್ರಾಫೈಟು ತಾನೆ? ಪುಡಿ ನಮ್ಮದೇ ತಾನೆ?" ಅವನು ಎಡಗಡೆಯ ಪಾತ್ರೆಯ ಹತ್ತಿರ ಓಡಿದ. ಕ್ಲಿಪ್ಪು ಬಿಚ್ಚಿ ಮತ್ತೆ ಸಿಕ್ಕಿಸಿದ, ಡಬ್ಬಿಯ ಚೀಟಿ ಓದಿದ, ಮುಚ್ಚಳ ತೆಗೆದು ಪುಡಿಯನ್ನು ಬೆರಳಲ್ಲಿ ಉಜ್ಜಿದ. ಕೈಯೆಲ್ಲ ಕಪ್ಪಾಯಿತು. "ಎರಡು ವರ್ಷದಿಂದ ಏರ್ತಾ ಇತ್ತಲ್ಲ... ಪ್ರತಿ ಸಲ ಏರ್ತಾ ಇತ್ತಲ್ಲ..."

ರಾಜೀವಿ ತನ್ನ ಕೆಲಸದ ವರ್ಷಗಳಲ್ಲಿ ಕೋರ್ಟಿನ ಕಟಕಟೆಯಲ್ಲಿ ಸುಳ್ಳು ಹೇಳುವ ಮುಖಗಳನ್ನು ಬೇಕಾದಷ್ಟು ಕಂಡವಳು. ಈ ಮುಖ ಆ ಜಾತಿಯದಾಗಿರಲಿಲ್ಲ. ಈ ಅಹಂಕಾರಿಗೆ ನಿಜವಾಗಿ ಏನೂ ಗೊತ್ತಿರಲಿಲ್ಲ. ಗೊತ್ತೇ ಇಲ್ಲದ ಗುಟ್ಟನ್ನು ಉಳಿಸಿಕೊಳ್ಳಲು ಯಾರಾದರೂ ಕೊಲೆ ಮಾಡುತ್ತಾರೆಯೇ?

"ನೀವು ಈ ಪಾತ್ರೆ ಮುಟ್ಟಿ ಎಷ್ಟು ಕಾಲ ಆಯ್ತು?" ಎಂದು ಕೇಳಿದಳು.

"ನಾನ್ಯಾಕೆ ಮುಟ್ಲಿ? ನನಗೆ ಗ್ರಾಫ್ ತಂದು ತೋರಿಸ್ತಾರೆ. ನಾನು ನೋಡ್ತೀನಿ. ಬರೀತೀನಿ." ಹೇಳುತ್ತ ಹೇಳುತ್ತ ತಾನು ಹೇಳುತ್ತಿರುವುದು ಏನು ಎನ್ನುವುದು ಅವನಿಗೇ ಕೇಳಿಸಿತು. ಸ್ಟೂಲಿನ ಮೇಲೆ ಕುಸಿದು ಕೂತ.

ಪಾಪ ಅನ್ನಿಸಬೇಕಿತ್ತು. ರಾಜೀವಿಗೆ ಅನ್ನಿಸಲಿಲ್ಲ. ದೊಡ್ಡ ಕೋಣೆಯಲ್ಲಿ ಕೂತು ಹುಡುಗರ ಬೆವರಿನ ಮೇಲೆ ಸಹಿ ಹಾಕುವವನಿಗೆ ಇಷ್ಟಾದರೂ ಆಗಲಿ ಅಂದುಕೊಂಡಳು.

ಪ್ರೊಫೆಸರ್ ಹೇಳಿದ್ದನ್ನು ಅವಳು ಹಿಂದಿಯಲ್ಲಿ ತಿಳಿಸಿದ್ದೇ ತಡ, ಹಾಲ್ದಾರ್ ಸುಮ್ಮನಿರಲಿಲ್ಲ. ಚಹಾದ ಲೋಟವನ್ನು ಕಸದ ಬುಟ್ಟಿಗೆ ಎಸೆದು ಪ್ರೊಫೆಸರನ ಎದುರು ನಿಂತ. "ಸರ್, ಗ್ರಾಫ್ ತಂದು ತೋರಿಸುತ್ತಿದ್ದದ್ದು ಯಾರು?"

ರಾಜೀವಿಗೆ ಆ ಪ್ರಶ್ನೆಯ ದಾರಿ ಕಂಡಿತು. ಆದರೂ ಧೈರ್ಯವಿತ್ತು. ಮೊದಲ ಭೇಟಿಯಲ್ಲೇ ಪ್ರತೀಕ್ಷಾ ಹೇಳಿದ್ದಳಲ್ಲ, ಕುಲುಮೆಯಲ್ಲಿ ಪುಡಿ ಮಾಡುವುದು ನಾನು, ಪಾತ್ರೆಯಲ್ಲಿ ಅಳೆಯುವುದು ಶ್ರೀಶ ಅಂತ.

"ಪ್ರತೀಕ್ಷಾ," ಎಂದ ರಾಜಗೋಪಾಲ.

"ಶ್ರೀಶ ಅಲ್ವಾ?" ರಾಜೀವಿಯ ಬಾಯಿಂದ ತಾನಾಗಿ ಬಂತು.

"ಶ್ರೀಶ ಕುಲುಮೆಯವನು ಕಣ್ರೀ. ಅಳೆಯೋದೆಲ್ಲ ಮೊದಲಿಂದ ಪ್ರತೀಕ್ಷಾನೇ. ಮೊದಲನೇ ಏರಿದ ಗೆರೆ ತಂದವಳೂ ಅವಳೇ. ಅದಕ್ಕೇ ಅವಳಿಗೆ ಪ್ರಶಸ್ತಿ ಬಂದಿದ್ದು. ಇವತ್ತು ಪೇಪರ್ ಬಿದ್ದುಹೋದ್ರೆ ಅವಳ ಡಾಕ್ಟರೇಟೂ ಬಿದ್ದುಹೋಗತ್ತೆ." ಅವನ ದನಿಯಲ್ಲಿ ಹಳೆಯ ವಿಷ ಮರಳಿತು. "ಅವಳಪ್ಪ ಅದೇ ಕಂಪನಿಗೆ ಸಲಹೆಗಾರ, ವಾರವಾರ ಬಂದು ಪುಡಿ ಹೊತ್ಕೊಂಡು ಹೋಗ್ತಾರೆ. ಮಗಳು ಇಲ್ಲಿ ಕೂತು ಗೆರೆ ಏರಿಸ್ತಾಳೆ. ನೀವು ಅವರ ಪರವಾಗಿ ಬಂದು ನನ್ನ ಕುತ್ತಿಗೆ ಹಿಡೀತೀರಿ. ಭೇಷ್!"

ಹಾಲ್ದಾರ್ ಬಾಗಿಲು ತೆರೆದು ಪ್ರತೀಕ್ಷಾಳನ್ನು ಒಳಗೆ ಕರೆದ.

ಅವಳು ಬಂದು ನಿಂತಳು. ಒಂದೇ ವಾರದಲ್ಲಿ ಅರ್ಧ ಆಗಿಹೋಗಿದ್ದಳು. ಪರದೆಯ ಮೇಲಿನ ಎರಡು ಗೆರೆಗಳನ್ನು ನೋಡಿದಳು. ಇದೇನು ಅಂತ ಕೇಳಲಿಲ್ಲ.

"ಈ ತಂತಿ ಯಾರದು?" ಎಂದು ಹಾಲ್ದಾರ್ ಕೇಳಿದ.

"ನಂದು. ನಾನೇ ಪಕ್ಕದ ಲ್ಯಾಬಿಂದ ತಂದಿದ್ದು," ಎಂದಳು ಹಿಂದಿಯಲ್ಲಿ. ಆಮೇಲೆ ಪ್ರೊಫೆಸರನ ಕಡೆ ತಿರುಗಿ ತೊದಲಿದಳು. "ಸಾರಿ ಸರ್. ಗ್ರಾಫೈಟ್ ರಾಡ್ ಮುರಿದು ಹೋಯ್ತು, ಹೊಸದು ಬರಕ್ಕೆ ಟೈಮ್ ಆಗತ್ತೆ ಅಂದ್ರು. ಒಂದು ದಿನಕ್ಕೆ ಅಂತ ಇದನ್ನ ಹಾಕಿದೆ. ರಿಸಲ್ಟ್ ಅಷ್ಟು ಚೆನ್ನಾಗಿ ಬಂತು, ನೀವು ಅಷ್ಟು ಖುಷಿ ಆದ್ರಿ... ಆಮೇಲೆ ತೆಗೆಯೋಕೆ ಆಗ್ಲಿಲ್ಲ. ತಂತಿಯಿಂದ ಅಂತ ನನಗೆ ಆಗ ಹೊಳೀಲೇ ಇಲ್ಲ ಸರ್, ಪ್ರಾಮಿಸ್."

ರಾಜಗೋಪಾಲ ಮುಖ ತಿರುಗಿಸಿಕೊಂಡ.

"ಥ್ಯಾಂಕ್ ಯೂ ದೀದಿ," ಎಂದ ಹಾಲ್ದಾರ್ ರಾಜೀವಿಗೆ. ವ್ಯಂಗ್ಯವಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ನನ್ನ ಹತ್ತಿರ ಇದ್ದದ್ದು ಒಂದು ಸಡಿಲ ನಟ್ಟು. ಇದು ಕೊಲೆ ಅಂತ ತೋರಿಸಿದ್ದು ನೀವು. ಶ್ರೀಶನಿಗೆ ಗುಟ್ಟು ಗೊತ್ತಾಗಿತ್ತು ಅಂತ ತೋರಿಸಿದ್ದು ನೀವು. ಗುಟ್ಟು ಯಾರದು ಅನ್ನುವುದು ಈಗ ಗೊತ್ತಾಯಿತು. ಇನ್ನು ಠಾಣೆಯಲ್ಲಿ ಜಾಮೀನಿನ ಮಾತಿಲ್ಲ."

ರಾಜೀವಿ ಹುಡುಗಿಯನ್ನು ಬಿಡಿಸಲು ಬಂದು, ಅವಳ ಕುತ್ತಿಗೆಗೆ ತಾನೇ ಕೈಯಾರೆ ಹಗ್ಗ ಹೊಸೆದಿದ್ದಳು. ಒಂದು ಎಳೆ ಹಸಿರು ಗೆರೆಯಿಂದ, ಇನ್ನೊಂದು ನೀಲಿ ಗೆರೆಯಿಂದ. ಬುದ್ಧಿವಂತಿಕೆಗೆ ಬೆಂಕಿ ಬಿತ್ತು ಎಂದು ತನ್ನನ್ನೇ ಬೈದುಕೊಂಡಳು.

"ಎರಡು ನಿಮಿಷ ಕೊಡಿ ಸರ್. ಅವಳ ಜೊತೆ ನಮ್ಮ ಭಾಷೆಯಲ್ಲಿ ಮಾತಾಡ್ಬೇಕು."

ಹಾಲ್ದಾರ್ ಗಡಿಯಾರ ನೋಡಿದ. "ಮೆಟ್ಟಿಲ ಹತ್ತಿರ. ನನ್ನ ಕಣ್ಣೆದುರಿಗೆ."

ಮೆಟ್ಟಿಲ ತಿರುವಿನಲ್ಲಿ ನಿಂತು ರಾಜೀವಿ ಹುಡುಗಿಯ ರಟ್ಟೆ ಹಿಡಿದಳು. ಪ್ರೀತಿಯಿಂದ ಹಿಡಿದದ್ದಲ್ಲ.

"ಸುಳ್ಳು ಯಾಕೆ ಹೇಳಿದ್ದು ನೀನು? ಅಳೆಯುವವನು ಶ್ರೀಶ ಅಂತ ನನ್ನ ಹತ್ರ ಯಾಕೆ ಹೇಳಿದ್ದು? ಎಂತ ಮಾಡಿಟ್ಟಿದ್ದಿ ಗೊತ್ತುಂಟಾ? ನಿನ್ನ ಮಾತು ನಂಬಿ ನಾನು ಇಷ್ಟೆಲ್ಲ ಕುಣಿದೆ."

"ಆಂಟಿ, ನಾನು ಶ್ರೀಶನ್ನ ಕೊಲ್... ನಾನು ಅವನಿಗೆ ಏನೂ ಮಾಡಿಲ್ಲ."

"ಅವನು ನಿನ್ನ ತಂತಿ ಕಂಡುಹಿಡಿದ. ನಿನ್ನ ಹತ್ರ ಬಂದು ಜಗಳ ಮಾಡಿದ. ಅಲ್ವಾ?"

"ಅವನು ಕಂಡುಹಿಡೀಲೇ ಇಲ್ಲ ಆಂಟಿ." ಪ್ರತೀಕ್ಷಾ ಅಳಲು ಶುರುಮಾಡಿದಳು. "ಅವನಿಗೆ ಲಾಸ್ಟ್‌ವರೆಗೂ ಏನೂ ಗೊತ್ತಿರ್ಲಿಲ್ಲ. ಹೊಸ ರಾಡ್ ಬಂದು ಸುಮ್ನೆ ಬಿದ್ದಿತ್ತು, ಹೋದ ವಾರ ಅದನ್ನ ಹಾಕಿ ನೋಡಿದ್ದು ನಾನೇ. ಗೆರೆ ಏರಲೇ ಇಲ್ಲ. ಬೇರೆ ಪುಡಿ ಹಾಕಿದೆ, ಅದೂ ಏರಲಿಲ್ಲ. ಆಗ ಎಲ್ಲ ಅರ್ಥ ಆಯ್ತು. ಸರ್‌ಗೆ ಹೇಳಕ್ಕೆ ಭಯ ಆಯ್ತು."

"ಮತ್ತೆ ಯಾರಿಗೆ ಹೇಳಿದೆ?"

ಹುಡುಗಿ ಕೆಳಗಿನ ಮೆಟ್ಟಿಲುಗಳ ಕಡೆ ನೋಡಿದಳು.

"ಪ್ರತೀಕ್ಷಾ, ನಿನಗೊಬ್ಬಳಿಗೇ ಗೊತ್ತಿದ್ದ ಗುಟ್ಟಿಗೋಸ್ಕರ ಇನ್ನೊಬ್ಬ ಯಾಕೆ ಸತ್ತ? ಯಾರಿಗೆ ಹೇಳಿದೆ, ಏನಂತ ಹೇಳಿದೆ?"

"ಅಪ್ಪನಿಗೆ."

ರಾಜೀವಿಯ ಕೈ ಸಡಿಲಾಯಿತು.

"ಊಟ ಮಾಡ್ತಾ ಹೇಳ್ದೆ. ಆದ್ರೆ ನಾನು ತಪ್ಪು ಮಾ‌ಡಿದೀನಿ ಅಂತ ಹೇಳಕ್ಕೆ ಬಾಯಿ ಬರ್ಲಿಲ್ಲ ಆಂಟಿ. ಅಪ್ಪ ಎಲ್ಲರಿಗೂ ನನ್ನ ಮಗಳು, ನನ್ನ ಮಗಳು ಅಂತ ಹೇಳ್ಕೊಂಡು ಬಂದಿದ್ರು. ಕಂಪನಿಯವರನ್ನ ನಂಬಿಸಿದ್ದೇ ಅವರು. ಅದಕ್ಕೆ..." ಅವಳು ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡಳು. "ಅದಕ್ಕೆ ಶ್ರೀಶ ಕಂಡುಹಿಡಿದ ಅಂತ ಹೇಳ್ದೆ. ಶ್ರೀಶ ನನ್ನ ಮೇಲೆ ಹೊಟ್ಟೆಕಿಚ್ಚಿಗೆ ಎಲ್ಲರಿಗೂ ಹೇಳ್ತಾನಂತೆ, ನನ್ನ ಡಾಕ್ಟರೇಟ್ ಹೋಗತ್ತೆ ಅಂತ ಹೇಳ್ದೆ. ಸುಮ್ನೆ ಬೈಸ್ಕೊಳ್ಳೋದು ತಪ್ಪಲಿ ಅಂತ ಹೇಳಿದ್ದು ಆಂಟಿ."

"ಅಪ್ಪ ಏನಂದ್ರು?"

"ಏನೂ ಅನ್ನಲಿಲ್ಲ. ಮಜ್ಜಿಗೆ ಹಾಕು ಅಂದ್ರು."

"ಆಮೇಲೆ?"

"ಮಾರನೇ ದಿನ ಸ್ಯಾಂಪಲ್ ತಗೊಳ್ಳೋಕೆ ಲ್ಯಾಬಿಗೆ ಬಂದ್ರು. ನಾನು ಆಗಷ್ಟೇ ಸಿಲಿಂಡರ್ ಚೇಂಜ್ ಮಾಡಿ ಗೆರೆ ಎಳೆದಿದ್ದೆ. ಶ್ರೀಶ ಕ್ಯಾಂಟೀನಿಗೆ ಹೋಗಿದ್ದ. ಅಪ್ಪನಿಗೆ ಕಾಫಿ ತರಕ್ಕೆ ನಾನೂ ಕೆಳಗೆ ಹೋದೆ. ವಾಪಸ್ ಬಂದಾಗ ಅಪ್ಪ ಕುಲುಮೆ ಕೋಣೆಯಿಂದ ಹೊರಗೆ ಬರ್ತಾ ಇದ್ರು. ಕೈ ತೊಳೀಬೇಕು ಅಂದ್ರು."

ಊಟದ ತಟ್ಟೆಯ ಮುಂದೆ ಹೇಳಿದ ಒಂದು ಹೇಡಿ ಸುಳ್ಳು. ಅದರಿಂದ ಏನೂ ಅರಿಯದ ಹುಡುಗನೊಬ್ಬ ಕುರುಡನಂತೆ ಗೋಡೆ ತಡವುತ್ತ ಸತ್ತುಹೋಗಿದ್ದ. ಈ ಹುಡುಗಿಯ ಕೆನ್ನೆಗೆ ಬಾರಿಸಬೇಕೋ ತಬ್ಬಿಕೊಳ್ಳಬೇಕೋ ರಾಜೀವಿಗೆ ತಿಳಿಯಲಿಲ್ಲ. ಎರಡನ್ನೂ ಮಾಡಲಿಲ್ಲ.

"ಹಾಲ್ದಾರನಿಗೆ ಹೇಳುವ ಬಾ," ಎಂದಳು. "ಈಗಲೇ. ನಿನ್ನ ಬಾಯಿಂದಲೇ ಹೇಳು. ಇಲ್ಲದಿದ್ರೆ ನಾನು ಹೇಳ್ತೇನೆ."

"ಬೇಡ ಆಂಟಿ."

"ಬೇಡ ಅಂದ್ರೆ? ಜನ್ಮವಿಡೀ ಒಳಗೆ ಕೂರ್ತೀಯಾ?"

"ನನಗೋಸ್ಕರ ಮಾಡಿದ್ದು ಅಪ್ಪ. ನನ್ನ ಸುಳ್ಳು ನಂಬಿ ಮಾಡಿದ್ದು." ಪ್ರತೀಕ್ಷಾ ಕಣ್ಣೊರೆಸಿಕೊಂಡಳು. ಅವಳ ಮುಖದಲ್ಲಿ ಏನೋ ಗಟ್ಟಿಯಾದದ್ದನ್ನು ರಾಜೀವಿ ಕಂಡಳು, ಕಂಡು ಹೆದರಿದಳು. "ನೀವು ಅಪ್ಪನ ಹೆಸರು ಎತ್ತಿದ್ರೆ ನಾನೇ ಮಾಡಿದೆ ಅಂತ ಒಪ್ಕೊಂಡುಬಿಡ್ತೀನಿ."

"ಹುಚ್ಚಾ ನಿನಗೆ?"

ಅಷ್ಟರಲ್ಲಿ ಕೆಳಗಿನಿಂದ ಚಪ್ಪಲಿಯ ಸದ್ದು ಕೇಳಿಸಿತು. ಗೇಟಿನ ಬಳಿ ವಕೀಲರ ಜೊತೆ ಕಾಯುತ್ತಿದ್ದ ನರಸಿಂಹಮೂರ್ತಿ ತಡೆಯಲಾರದೆ ಮೇಲೆ ಬರುತ್ತಿದ್ದರು. ಬಿಳಿ ಶರ್ಟು ಬೆವರಿನಲ್ಲಿ ಬೆನ್ನಿಗೆ ಅಂಟಿತ್ತು. ತಿರುವಿನಲ್ಲಿ ಮಗಳನ್ನು ಕಂಡು ಕೈಚಾಚಿದರು. "ಏನಾಯ್ತು ಪುಟ್ಟಿ? ಮುಗೀತಾ? ಮನೆಗೆ ಹೋಗೋಣ್ವಾ?"

"ಹಾಲ್ದಾರ್ ಸಾಹೇಬ್ರೆ!" ರಾಜೀವಿ ತಿರುಗಿ ಕೂಗಿದಳು. "ಒಂದು ನಿಮಿಷ ಇಲ್ಲಿ ಬನ್ನಿ."

ಹಾಲ್ದಾರ್ ಎರಡೆರಡು ಮೆಟ್ಟಿಲು ಇಳಿದು ಬಂದ. ರಾಜೀವಿ ಬಾಯಿ ತೆರೆಯುವ ಮೊದಲೇ ಪ್ರತೀಕ್ಷಾ ಅವಳನ್ನು ಸರಿಸಿ ಮುಂದೆ ನಿಂತಳು. ಎಲ್ಲರಿಗೂ ಅರ್ಥವಾಗಲಿ ಎಂಬಂತೆ ಹಿಂದಿಯಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಸರ್, ನಟ್ಟು ಸಡಿಲ ಮಾಡಿದ್ದು ನಾನು. ಫ್ಯಾನ್ ಆಫ್ ಮಾಡಿದ್ದೂ ನಾನು. ಶ್ರೀಶನನ್ನು ನಾನೇ ಕೊಂದೆ."

ಹಾಲ್ದಾರನ ಹಿಂದೆಯೇ ಇಳಿದು ಬಂದಿದ್ದ ಮಹಿಳಾ ಪೇದೆ ಅವಳ ಕೈ ಹಿಡಿದುಕೊಂಡಳು. ಮೇಲೆ ಬಾಗಿಲಲ್ಲಿ ರಾಜಗೋಪಾಲ ಬಂದು ನಿಂತಿದ್ದ. ಅವನು ಕೂಡ "ಅಯ್ಯೋ, ಏನಮ್ಮ ಇದು!" ಎಂದು ಉದ್ಗರಿಸಿದ.

ರಾಜೀವಿ ನೋಡಿದ್ದು ನರಸಿಂಹಮೂರ್ತಿಯವರನ್ನು. ಮಗಳು ಕಣ್ಣೆದುರಿಗೆ ಕೊಲೆ ಒಪ್ಪಿಕೊಂಡರೆ ಯಾವ ತಂದೆಯೂ ಎದೆ ಬಡಿದುಕೊಂಡು, ಸುಳ್ಳು, ನನ್ನ ಮಗು ಅಂಥದ್ದು ಮಾಡುವವಳಲ್ಲ ಅಂತ ಕೂಗುತ್ತಾನೆ. ಅವಳು ಆ ಕೂಗಿಗಾಗಿ ಕಾದಳು. ಹಾಲ್ದಾರನೂ ಕಾದಂತಿತ್ತು. ಪ್ರತೀಕ್ಷಾ ಕೂಡ ಅಪ್ಪನ ಮುಖವನ್ನೇ ನೋಡುತ್ತ ನಿಂತಿದ್ದಳು.

ನರಸಿಂಹಮೂರ್ತಿ ಚಾಚಿದ್ದ ಕೈಯನ್ನು ಮೆಲ್ಲಗೆ ಕೆಳಗಿಳಿಸಿದರು. ಗೋಡೆಗೆ ಒತ್ತಿ ನಿಂತು, ಪೇದೆ ಮಗಳನ್ನು ಕೆಳಗೆ ಕರೆದುಕೊಂಡು ಹೋಗಲು ದಾರಿ ಬಿಟ್ಟರು.